ಅಳಿಯಂದಿರು ಹೇಳಿದ ಸಿನಿಮಾ

ಪರದೆಯಪ್ಪನಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು ಎಂಬ ಸುದ್ದಿಯನ್ನು ಹುಟ್ಟಿಸಿದವರು ಅವನ ಸೋದರಮಾವ. ಮದುವೆಯ ಮಾತುಕತೆಗೆ ಕೂತಿದ್ದಾಗ ಹುಡುಗಿಯ ತಾಯಿ, "ನಿಮ್ಮ ಹುಡುಗನ ವಿಶೇಷ ಏನು?" ಎಂದು ಕೇಳಿದರು. ಆಕೆ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವರು. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವವರೆಗೂ ಕಣ್ಣು ಮಿಟುಕಿಸುವ ಅಭ್ಯಾಸ ಅವರಿಗಿರಲಿಲ್ಲ. ಹುಡುಗ ಪರದೆ ಬಟ್ಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದ. ಜನರ ಮನೆಗೆ ಹೋಗಿ ಕಿಟಕಿ ಅಳೆಯುತ್ತಿದ್ದ, ನೆರಿಗೆ ಎಷ್ಟು ಬೇಕೆಂದು ಹೇಳುತ್ತಿದ್ದ, ಸ್ಟೂಲು ಹತ್ತಿ ಪರದೆ ತೂಗುಹಾಕಿ ಇಳಿಯುತ್ತಿದ್ದ. ಊರವರು ಅವನನ್ನು ಪರದೆಯಪ್ಪ ಎಂದು ಕರೆಯುತ್ತಿದ್ದದ್ದೂ ಅದಕ್ಕೇ. ಇದರಲ್ಲಿ ವಿಶೇಷ ಯಾವುದೆಂದು ಸೋದರಮಾವನಿಗೆ ಹೊಳೆಯಲಿಲ್ಲ. ಗಾಬರಿಯಲ್ಲಿ "ಇಂಗ್ಲಿಷ್" ಎಂದುಬಿಟ್ಟರು.

ಪರದೆಯಪ್ಪ ಅಂದು ಅಲ್ಲಗಳೆಯಲಿಲ್ಲ. ಆಮೇಲೆ ಅಲ್ಲಗಳೆಯುವ ಸಂದರ್ಭ ಬರಲಿಲ್ಲ. ವರ್ಷಗಳು ಕಳೆದಂತೆ "ನಮ್ಮ ದೊಡ್ಡ ಅಳಿಯಂದಿರ ಇಂಗ್ಲಿಷ್" ಎಂಬುದು ಅತ್ತೆಯ ಬಾಯಲ್ಲಿ ಮನೆತನದ ಆಸ್ತಿಯಾಗಿ ನಿಂತುಬಿಟ್ಟಿತು. ನಿಜ ಹೇಳಬೇಕೆಂದರೆ ಬಟ್ಟೆಯ ಅಂಚಿನ ಚೀಟಿಯಲ್ಲಿ ಅಚ್ಚಾಗಿರುವಷ್ಟು ಇಂಗ್ಲಿಷ್ ಅವನಿಗೆ ಬರುತ್ತಿತ್ತು: ತಣ್ಣೀರಿನಲ್ಲಿ ಒಗೆಯಿರಿ, ಹಿಂಡಬೇಡಿ, ನೆರಳಿನಲ್ಲಿ ಒಣಗಿಸಿ. ಹೆಂಡತಿಗೆ ಇದು ಮದುವೆಯಾದ ಮೊದಲ ವಾರದಲ್ಲೇ ಗೊತ್ತಾಗಿತ್ತು. ಆಕೆ ತಾಯಿಗೆ ಹೇಳಲಿಲ್ಲ. ಹೇಳಿದ್ದರೆ ಮೋಸಹೋದವರು ತಾಯಿಯೋ ಮಗಳೋ ಎಂಬ ಚರ್ಚೆ ಏಳುತ್ತಿತ್ತು.

ಹೀಗಿರುವಾಗ ಅತ್ತೆ ಮೆಟ್ಟಿಲಿನಲ್ಲಿ ಜಾರಿ ಕಾಲು ಮುರಿದುಕೊಂಡರು. ತಿಂಗಳ ಮಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ದೊಡ್ಡ ಮಗಳ ಮನೆಗೆ ಬಂದು ಬಿದ್ದರು. ಕಾಲು ಸ್ಟೂಲಿನ ಮೇಲೆ, ಬೆನ್ನಿಗೆ ದಿಂಬು, ಎದುರಿಗೆ ಟಿ.ವಿ. ಆದರೆ ಅದೇ ವಾರ ಕೇಬಲ್‌ನವನು ಏನನ್ನೋ ಅದಲುಬದಲು ಮಾಡಿ, ಧಾರಾವಾಹಿಗಳ ಚಾನೆಲ್ಲುಗಳೆಲ್ಲ ಮಾಯವಾಗಿ, ಅವುಗಳ ಜಾಗದಲ್ಲಿ ಹಳೆಯ ಇಂಗ್ಲಿಷ್ ಸಿನಿಮಾಗಳ ಚಾನೆಲ್ ಒಂದು ಬಂದು ಕೂತಿತು. ಹಾಲಿವುಡ್ಡಿನವು, ಬ್ರಿಟನ್ನಿನವು, ಎಲ್ಲವೂ ಕಪ್ಪು ಬಿಳುಪಿನವು. ಫೋನು ಮಾಡಿದರೆ ಕೇಬಲ್‌ನವನು, "ಮುಂದಿನ ತಿಂಗಳು ಸರಿ ಮಾಡ್ತೀನಿ ಅಮ್ಮ. ಅಲ್ಲಿವರೆಗೆ ಅದನ್ನೇ ನೋಡ್ತಿರಿ, ಅದೂ ಚೆನ್ನಾಗೇ ಇರುತ್ತೆ" ಎಂದು ಇಟ್ಟುಬಿಟ್ಟ.

ಅತ್ತೆ ಯೋಚಿಸಿದರು. "ಸರಿ, ನೋಡೋಣ. ಹೇಗೂ ಅಳಿಯಂದಿರು ಇದ್ದಾರಲ್ಲ. ಸಂಜೆ ಅಂಗಡಿಯಿಂದ ಬಂದು ಪಕ್ಕದಲ್ಲಿ ಕೂತು ಹೇಳ್ತಾ ಹೋಗಲಿ."

ಹೆಂಡತಿ ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ನಕ್ಕಳು.

ಮೊದಲ ಸಂಜೆ ಪರದೆಯಪ್ಪ ಗಲ್ಲಿಗೇರುವವನಂತೆ ಕುರ್ಚಿಯಲ್ಲಿ ಕೂತ. ಟೋಪಿ ಹಾಕಿದ ಒಬ್ಬ ಗಂಡಸು, ಮುತ್ತಿನ ಸರ ಹಾಕಿದ ಒಬ್ಬ ಹೆಂಗಸು, ಇಬ್ಬರೂ ಬಾಯಿಯನ್ನು ಹೆಚ್ಚು ತೆರೆಯದೆ ಭಾರಿ ವೇಗದಲ್ಲಿ ಮಾತಾಡುತ್ತಿದ್ದರು. ಅದರಲ್ಲಿ ಒಗೆಯುವ ವಿಷಯವಾಗಲಿ ಒಣಗಿಸುವ ವಿಷಯವಾಗಲಿ ಬರುವ ಲಕ್ಷಣ ಕಾಣಲಿಲ್ಲ.

"ಏನಂತೆ?" ಎಂದರು ಅತ್ತೆ.

"ಮನೆ ವಿಷಯ ಮಾತಾಡ್ತಿದ್ದಾರೆ ಅತ್ತೆ."

"ಮನೆ ವಿಷಯ ಅಂದ್ರೆ?"

ಅಷ್ಟರಲ್ಲಿ ಮುತ್ತಿನ ಸರದವಳು ಟೋಪಿಯವನ ಪೆಟ್ಟಿಗೆಯನ್ನು ಎತ್ತಿ ಬಾಗಿಲ ಹೊರಗೆ ಎಸೆದಳು. ಪರದೆಯಪ್ಪನಿಗೆ ದಾರಿ ಸಿಕ್ಕಿತು. "ಮನೆ ಖಾಲಿ ಮಾಡು ಅಂತಿದ್ದಾಳೆ. ಅವಳು ಓನರು, ಅವನು ಬಾಡಿಗೆಗೆ ಇದ್ದಾನೆ."

ಆಮೇಲೆ ಕಥೆ ತಾನಾಗಿಯೇ ಹರಿಯಿತು. ಅವನು ಮತ್ತೆ ಬಂದ, ಅವಳು ಮತ್ತೆ ಓಡಿಸಿದಳು, ನ್ಯಾಯಾಲಯದಲ್ಲಿ ಇಬ್ಬರೂ ನಿಂತರು, ಕೊನೆಗೆ ಇಬ್ಬರೂ ಒಂದೇ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. "ಕರಾರು ಮುಂದುವರಿಸಿದಳು" ಎಂದು ಪರದೆಯಪ್ಪ ಮುಗಿಸಿದ. ಅತ್ತೆಗೆ ಕಥೆ ಬಹಳ ಹಿಡಿಸಿತು. ಲೆಕ್ಕದವರಾದ್ದರಿಂದ ನಡುನಡುವೆ "ಯಾಕೆ?" ಎಂದು ಕೇಳುತ್ತಿದ್ದರು. ಕೇಳಿದಷ್ಟೂ ಕಥೆ ಗಟ್ಟಿಯಾಯಿತು.

ಮರುದಿನ ಬೆಳಗ್ಗೆ ಅತ್ತೆ ಈ ಕಥೆಯನ್ನು ಕೆಳಮನೆಯ ನಿಜವಾದ ಓನರಿಗೆ ಹೇಳಿದರು. ಓನರು ಬಾಡಿಗೆದಾರರಿಂದ ಬಹಳ ನೊಂದವರು. "ಇಂಥ ವಿಷಯದ ಮೇಲೂ ಸಿನಿಮಾ ತೆಗೆದಿದ್ದಾರಾ? ದೊಡ್ಡ ಮನಸ್ಸಿನ ಜನ" ಎಂದು ಸಂಜೆ ತಮ್ಮ ಕುರ್ಚಿ ತಾವೇ ಹೊತ್ತುಕೊಂಡು ಮೇಲೆ ಬಂದರು. ಅವರ ಹಿಂದೆ ಪಕ್ಕದ ಮನೆಯ ಹೆಡ್ ಕಾನ್‌ಸ್ಟೆಬಲ್ ಬಂದರು. ಡ್ಯೂಟಿ ಮುಗಿಸಿ ಬಂದವರಿಗೆ ಹೆಂಡತಿ ತವರಿಗೆ ಹೋದ ಬೇಸರ ಕಳೆಯಬೇಕಿತ್ತು. ಎರಡನೇ ವಾರದ ಹೊತ್ತಿಗೆ ಪರದೆಯಪ್ಪನ ಮನೆಯ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಪರದೆಯಪ್ಪನನ್ನು ಬರೀ ಸುಳ್ಳುಗಾರ ಎಂದುಬಿಟ್ಟರೆ ಅನ್ಯಾಯವಾಗುತ್ತದೆ. ಅವನು ಆ ಸಿನಿಮಾಗಳಿಗೆ ಮನಸೋತಿದ್ದ. ಮಾತು ತಿಳಿಯದ ಕಾರಣಕ್ಕೋ ಏನೋ, ಉಳಿದದ್ದೆಲ್ಲ ಅವನಿಗೆ ಕಾಣುತ್ತಿತ್ತು. ಒಬ್ಬಳು ಕೈಗವಸು ಬಿಚ್ಚುವ ರೀತಿಯಲ್ಲೇ ಅವಳಿಗೆ ಅವನ ಮೇಲೆ ಸಿಟ್ಟಿದೆ ಎಂದು ಗೊತ್ತಾಗುತ್ತಿತ್ತು. ಒಬ್ಬ ಮಾತು ಮುಗಿಸಿ ಸುಮ್ಮನೆ ನಿಂತರೆ, ಆ ನಿಂತದ್ದೇ ಒಂದು ಮಾತಾಗಿರುತ್ತಿತ್ತು. ಇನ್ನು ಪರದೆಗಳು. ನೆಲ ಮುಟ್ಟುವ ಮಖಮಲ್ಲು, ಒಳಗೆ ಅಸ್ತರು ಕೊಟ್ಟದ್ದು, ನೆರಿಗೆ ನೆರಿಗೆಯಲ್ಲೂ ಒಂದು ಎಳೆ ಬೆಳಕು. ಅಂಥ ಪರದೆಯ ಪಕ್ಕ ಒಬ್ಬ ಮನುಷ್ಯ ಬಂದು ನಿಂತರೆ ಸಾಕು, ಅವನ ಜೀವನದಲ್ಲಿ ಏನೋ ನಡೆಯಲಿದೆ ಅನ್ನಿಸುತ್ತಿತ್ತು. ಪರದೆಯಪ್ಪ ಇಷ್ಟು ವರ್ಷ ಜನರ ಕಿಟಕಿ ಮುಚ್ಚಿದ್ದ. ಯಾರ ಜೀವನದಲ್ಲೂ ಏನೂ ನಡೆದಿರಲಿಲ್ಲ.

ಅಂಗಡಿಗೆ ಹಲ್ಲಿನ ಡಾಕ್ಟರರ ಹೆಂಡತಿ ಬಂದು ಮನೆಯ ಹಾಲ್‌ಗೆ ಹಸಿರು ಪರದೆ ಕೇಳಿದಾಗ ಅವನು, "ಬೂದು ತಗೊಳ್ಳಿ ಮೇಡಂ. ಅದರ ಮುಂದೆ ನೀವು ತಿರುಗಿ ನಿಂತು ಡಾಕ್ಟರನ್ನ ಒಂದು ಸಲ ನೋಡಿದ್ರೆ ಸಾಕು" ಎಂದ.

"ನಾನ್ಯಾಕೆ ತಿರುಗಿ ನಿಂತ್ಕೋಬೇಕು?" ಎಂದರು ಆಕೆ.

ಅಂಗಡಿಯ ಯಜಮಾನರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದು ಹಸಿರು ಬಟ್ಟೆಯ ಥಾನನ್ನು ತಾವೇ ಬಿಚ್ಚಿದರು. ಪರದೆಯಪ್ಪನಿಗೆ ಒಳಗೆ ಹೋಗಿ ರಿಂಗು ಎಣಿಸಲು ಹೇಳಿದರು.

ಈಗ ನಾದಿನಿಯ ವಿಷಯ. ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಒಮ್ಮೆ ಆಸ್ಪತ್ರೆಯ ಉಗ್ರಾಣಕ್ಕೆ ಬೆಂಕಿ ಬಿದ್ದಾಗ, ರಕ್ತದ ಸೀಸೆಗಳ ಟ್ರೇ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದ ಅವಳನ್ನೂ ಆ ಟ್ರೇಯನ್ನೂ ಅಗ್ನಿಶಾಮಕ ದಳದ ಒಬ್ಬ ಯುವಕ ಹೊರಗೆ ತಂದಿದ್ದ. ಒಂದು ಸೀಸೆಯೂ ಒಡೆದಿರಲಿಲ್ಲ. ಅವಳು ಮದುವೆಯಾದರೆ ಅವನನ್ನೇ ಎಂದಳು. ಅತ್ತೆ ಒಪ್ಪಲಿಲ್ಲ. "ಉರಿಯೋ ಮನೆಯಿಂದ ಎಲ್ಲರೂ ಹೊರಗೆ ಓಡಿದರೆ ಇವನು ಒಳಗೆ ಓಡ್ತಾನೆ. ಅಂಥವನಿಗೆ ಮಗಳನ್ನ ಕೊಟ್ಟು ನಾನು ದಿನಾ ಬೆಳಗ್ಗೆ ಪೇಪರ್ ನೋಡ್ಕೊಂಡು ಕೂರಲಾ?" ಎಂದರು. ಮಗಳು ಸಿಟ್ಟಾಗಿ ಹಾಸ್ಟೆಲ್ ಸೇರಿ, ತಾಯಿಯ ಕಾಲು ಮುರಿದಾಗ ಮಾತ್ರ ಒಮ್ಮೆ ಬಂದು ಪ್ಲಾಸ್ಟರ್ ನೋಡಿ ಹೋಗಿದ್ದಳು. ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅವಳು ಮುನಿಸಿಕೊಂಡದ್ದರಿಂದ ಅತ್ಯಂತ ಹೆಚ್ಚು ಲಾಭ ಪಡೆದವನು ಪರದೆಯಪ್ಪ.

ಮೂರನೇ ವಾರ ಒಂದು ಬ್ರಿಟಿಷ್ ಸಿನಿಮಾ ಬಂತು. ದೊಡ್ಡ ಮನೆ, ಎತ್ತರದ ಕುರ್ಚಿಯಲ್ಲಿ ಬೆಳ್ಳಿ ಕೂದಲಿನ ತಾಯಿ, ಎದೆಯೆತ್ತರಕ್ಕೆ ಬೆಳೆದ ಮಗಳು, ಆ ಮಗಳನ್ನು ಕೇಳಲು ಬಂದ ಒಬ್ಬ ನಾವಿಕ. ತಾಯಿ ಮುಖ ತಿರುಗಿಸಿದಳು. ಮಗಳು ಅತ್ತಳು.

"ಸಮುದ್ರದ ಮೇಲೆ ಹೋಗೋನಿಗೆ ಮಗಳನ್ನ ಕೊಡಲ್ಲ ಅಂತಿದ್ದಾರೆ" ಎಂದ ಪರದೆಯಪ್ಪ. ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ಅಮ್ಮನ ಮಾತಲ್ಲಿ ತಪ್ಪೇನಿದೆ" ಎಂದರು ಅತ್ತೆ ಬಿಗಿಯಾಗಿ.

ಆಮೇಲೆ ಒಂದು ಸಂಜೆ ತಾಯಿ ನಾವಿಕನನ್ನು ಕರೆಸಿದಳು. ತನ್ನ ಕೈಯಾರೆ ಚಹಾ ಮಾಡಿದಳು. ಒಂದು ಪುಟ್ಟ ಸೀಸೆಯಿಂದ ನಾಲ್ಕು ಹನಿ ಬಟ್ಟಲಿಗೆ ಹಾಕಿದಳು. ನಾವಿಕನಿಗೆ ಬಟ್ಟಲು ಕೊಟ್ಟು, ಶಾಲು ಸರಿಮಾಡಿಕೊಂಡು, ಬಹಳ ಸುಂದರವಾಗಿ ನಕ್ಕಳು. ಆ ನಗೆ ಕಂಡು ಪರದೆಯಪ್ಪನ ಕಣ್ಣು ತುಂಬಿ ಬಂತು.

"ಮನಸ್ಸು ಕರಗಿತು ಅತ್ತೆ. ಒಪ್ಪಿಕೊಂಡರು. ನೋಡಿ, ತಮ್ಮ ಕೈಯಾರೆ ಚಹಾ ಕೊಡ್ತಿದ್ದಾರೆ."

"ಅದೇನು ಹಾಕಿದಳು?"

"ಪರಿಮಳಕ್ಕೆ."

ನಾವಿಕ ಚಹಾ ಕುಡಿದು ಸೋಫಾದ ಮೇಲೆ ಒರಗಿದ. ಕೈ ಕೆಳಗೆ ಜಾರಿತು. "ಪಾಪ, ಹಡಗಿನ ಪ್ರಯಾಣ. ನಿದ್ದೆ ಬಂತು" ಎಂದ ಪರದೆಯಪ್ಪ. ಕೋಟು ತೊಟ್ಟ ಇಬ್ಬರು ಬಂದು ಪುಸ್ತಕ ತೆಗೆದು ಏನೋ ಬರೆದುಕೊಂಡರು. "ಮದುವೆ ನೋಂದಣಿ ಆಫೀಸಿನವರು."

ಹೆಡ್ ಕಾನ್‌ಸ್ಟೆಬಲ್ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ನನಗ್ಯಾಕೋ ಇವರು ನಮ್ಮ ಡಿಪಾರ್ಟ್‌ಮೆಂಟಿನವರ ಥರ ಕಾಣ್ತಾರೆ. ನಿಂತಿರೋ ರೀತಿ ನೋಡಿ."

"ಅಲ್ಲಿ ನೋಂದಣಿಯವರೂ ಹಾಗೇ ನಿಲ್ಲೋದು."

ಕೊನೆಗೆ ತಾಯಿ ತಲೆಯೆತ್ತಿಕೊಂಡು ಆ ಇಬ್ಬರ ನಡುವೆ ಕಾರು ಹತ್ತಿದಳು. ಮಗಳು ಕಿಟಕಿಯ ಪರದೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ಮದುವೆಯ ಏರ್ಪಾಟಿಗೆ ಹೊರಟರು. ಮಗಳಿಗೆ ಸಂತೋಷ ತಡೆಯೋಕೆ ಆಗ್ತಿಲ್ಲ" ಎಂದು ಪರದೆಯಪ್ಪ ಮೂಗು ಒರೆಸಿಕೊಂಡ. ಓನರೂ ಒರೆಸಿಕೊಂಡರು.

ಅತ್ತೆ ಆ ಸಂಜೆ "ಯಾಕೆ" ಎಂದು ಕೇಳಲಿಲ್ಲ. ಮರುದಿನ ಮಧ್ಯಾಹ್ನ ದೊಡ್ಡ ಮಗಳನ್ನು ಕರೆದು, "ನಿನ್ನ ತಂಗಿಗೆ ಫೋನ್ ಮಾಡು. ಭಾನುವಾರ ಆ ಹುಡುಗನನ್ನ ಚಹಾಕ್ಕೆ ಕರ್ಕೊಂಡು ಬರಲಿ. ಹಾಗೇ ಅಂಗಡಿಯಿಂದ ಪರಿಮಳದ್ದು ಏನಾದರೂ ಒಂದು ಪುಟ್ಟ ಸೀಸೆ ತರಿಸು" ಎಂದರು.

ಕೇಕಿಗೆ ಹಾಕುವ ವೆನಿಲಾ ಎಸೆನ್ಸಿನ ಸೀಸೆ ಬಂತು. ಕಂದು ಬಣ್ಣದ್ದು.

ಭಾನುವಾರ ಫೈರ್ ಸ್ಟೇಷನ್ನಿನ ಯುವಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟು ಹೊರಗೆ ಬಿಟ್ಟು ಬಂದು ಸೋಫಾದ ತುದಿಯಲ್ಲಿ ಕೂತ. ಪಕ್ಕದಲ್ಲಿ ನಾದಿನಿ. ಓನರು, ಹೆಡ್ ಕಾನ್‌ಸ್ಟೆಬಲ್ ಇಬ್ಬರೂ ಹಾಜರಿದ್ದರು. ಹೆಡ್ ಕಾನ್‌ಸ್ಟೆಬಲ್ ಅಂದು ಯೂನಿಫಾರ್ಮಿನಲ್ಲೇ ಇದ್ದರು.

ಅತ್ತೆಗೆ ಎದ್ದು ಓಡಾಡಲು ಆಗದ್ದರಿಂದ ಕೆಟಲನ್ನು ಅವರ ಮುಂದೆಯೇ ತಂದಿಟ್ಟರು. ಅವರು ಕಪ್ಪಿಗೆ ಚಹಾ ಬಗ್ಗಿಸಿದರು. ಯುವಕ ನೋಡುತ್ತಿದ್ದ. ಸೀಸೆಯ ಮುಚ್ಚಳ ತಿರುಗಿಸಿ ನಾಲ್ಕು ಹನಿ ಹಾಕಿದರು. ಯುವಕ ಅದನ್ನೂ ನೋಡಿದ. ಕಪ್ಪು ಅವನ ಕೈಗೆ ಕೊಟ್ಟು, ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ನಕ್ಕರು.

"ನೋಡಪ್ಪ, ಮೊದಲು ನನಗೆ ನಿನ್ನ ಮೇಲೆ ಮನಸ್ಸಿರಲಿಲ್ಲ. ಮೊನ್ನೆ ಟಿ.ವಿ.ಯಲ್ಲಿ ಒಂದು ಸಿನಿಮಾ ನೋಡಿದೆ. ಅದರಲ್ಲಿ ಒಬ್ಬಳು ಅಮ್ಮ, ಮಗಳು, ಒಬ್ಬ ನಾವಿಕ. ಆ ಅಮ್ಮನ್ನ ನೋಡಿ ನನಗೆ ದಾರಿ ಹೊಳೀತು. ಅವಳು ಮಾಡಿದ್ದನ್ನೇ ನಾನೂ ಮಾಡ್ತಿದ್ದೀನಿ. ಕುಡಿ."

ಇಲ್ಲಿ ಓದುಗರು ಒಂದು ವಿಷಯ ತಿಳಿಯಬೇಕು. ಫೈರ್ ಸ್ಟೇಷನ್ನಿನಲ್ಲಿ ಗಂಟೆ ಬಾರಿಸುವವರೆಗೂ ಬೇರೆ ಕೆಲಸವಿರುವುದಿಲ್ಲ. ಅಲ್ಲೂ ಟಿ.ವಿ. ಇತ್ತು. ಅಲ್ಲಿಗೂ ಅದೇ ಕೇಬಲ್‌ನವನೇ. ಇಡೀ ತಿಂಗಳು ಸ್ಟೇಷನ್ನಿನ ಹುಡುಗರೆಲ್ಲ ಅದೇ ಸಿನಿಮಾಗಳನ್ನು, ಇಂಗ್ಲಿಷ್ ಬಲ್ಲ ತಮ್ಮ ಆಫೀಸರ ಬಾಯಲ್ಲಿ ಅರ್ಥ ಕೇಳಿಕೊಂಡು ನೋಡಿದ್ದರು.

ತುಟಿಯವರೆಗೆ ಒಯ್ದ ಕಪ್ಪನ್ನು ಯುವಕ ಮತ್ತೆ ಸಾಸರಿನ ಮೇಲಿಟ್ಟ.

"ಆ ನಾವಿಕನ ಸಿನಿಮಾನಾ ಅಮ್ಮ?" ಎಂದ.

"ಅದೇ. ನೀನೂ ನೋಡಿದೆಯಾ?"

"ನೋಡಿದೆ."

"ಮತ್ತೆ ಇನ್ನೇನು, ನಿನಗೆ ಎಲ್ಲಾ ಗೊತ್ತೇ ಇದೆ. ಕುಡಿ."

ಪರದೆಯಪ್ಪ ಉತ್ಸಾಹದಿಂದ ಸೋಫಾದ ಮೇಲೆ ದಿಂಬು ಸರಿಮಾಡಿದ. "ಕುಡಿದು ಇಲ್ಲೇ ಒರಗಿಬಿಡಿ. ಸಂಕೋಚ ಬೇಡ. ಹೆಡ್ ಕಾನ್‌ಸ್ಟೆಬಲ್ ಸಾಹೇಬ್ರನ್ನೂ ಕರೆಸಿದ್ದೀವಿ, ಮುಂದಿನ ಬರವಣಿಗೆ ಕೆಲಸಕ್ಕೆ."

ಹೆಡ್ ಕಾನ್‌ಸ್ಟೆಬಲ್ ಆಶ್ವಾಸನೆ ಕೊಡುವವರಂತೆ ತಲೆಯಾಡಿಸಿದರು.

ಯುವಕ ನಾದಿನಿಯನ್ನು ಒಮ್ಮೆ ನೋಡಿದ. ಅವಳು ಏನೂ ಅರಿಯದೆ ಅವನನ್ನು ನೋಡಿ ನಗುತ್ತಿದ್ದಳು. ತಾಯಿ ಒಪ್ಪಿದ ಸಂತೋಷ ಅವಳ ಮುಖದ ತುಂಬ ಇತ್ತು. ಅವನು ಕಣ್ಣು ಮುಚ್ಚಿ, ಬಿಸಿ ಚಹಾವನ್ನು ಒಂದೇ ಉಸಿರಿಗೆ ಕುಡಿದು ಕಪ್ಪು ಕೆಳಗಿಟ್ಟ. ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ನೆಟ್ಟಗೆ ಕೂತ. ಹಣೆಯಲ್ಲಿ ಬೆವರು ಮೂಡಿತು.

"ಏನಾಯ್ತು?" ಎಂದಳು ನಾದಿನಿ.

"ಏನಿಲ್ಲ" ಎಂದು ಅವನು ಮೆಲ್ಲಗೆ ಹೇಳಿದ. "ನನಗೇನಾದ್ರೂ ಆದ್ರೆ ನೀನು ಅಮ್ಮನ ಮೇಲೆ ಸಿಟ್ಟು ಮಾಡ್ಕೋಬೇಡ. ಅವರಿಗೆ ನಿನ್ನ ಮೇಲಿನ ಪ್ರೀತಿ."

"ನಿನಗೇನಾಗುತ್ತೆ?" ಎಂದರು ಅತ್ತೆ.

"ಆ ನಾವಿಕನಿಗೆ ಆದದ್ದೇ ಅಮ್ಮ."

"ಅವನು ನಿದ್ದೆ ಮಾಡಿದ."

"ಅವನು ಸತ್ತ."

ಮೊದಲು ಸಾವರಿಸಿಕೊಂಡವರು ಹೆಡ್ ಕಾನ್‌ಸ್ಟೆಬಲ್. ವೃತ್ತಿ ಅವರನ್ನು ಎಬ್ಬಿಸಿ ನಿಲ್ಲಿಸಿತು. "ಹೇಗೆ ಸತ್ತ? ಸರಿಯಾಗಿ ಹೇಳಿ."

ಯುವಕ ಹೇಳಿದ. ಸೀಸೆಯಲ್ಲಿದ್ದದ್ದು ವಿಷ. ಬಂದವರು ಪೊಲೀಸರು. ತಾಯಿಯನ್ನು ಕರೆದೊಯ್ದದ್ದು ಜೈಲಿಗೆ.

"ನಾನು ಅವತ್ತೇ ಹೇಳಿದೆ" ಎಂದರು ಹೆಡ್ ಕಾನ್‌ಸ್ಟೆಬಲ್, ಬಹಳ ಕಾಲದಿಂದ ತಡೆಹಿಡಿದ ಬಡ್ತಿ ಸಿಕ್ಕವರಂತೆ. "ನಿಂತಿರೋ ರೀತಿಯಲ್ಲೇ ಗೊತ್ತಾಯ್ತು ನನಗೆ."

ಎಲ್ಲರ ಮುಖವೂ ಪರದೆಯಪ್ಪನ ಕಡೆ ತಿರುಗಿತು. ಪರದೆಯಪ್ಪ ದಿಂಬನ್ನು ಎದೆಗೆ ಅವಚಿಕೊಂಡು ನಿಂತಿದ್ದ.

ಓನರು ಗಂಟಲು ಸರಿಮಾಡಿಕೊಂಡರು. "ಒಂದು ನಿಮಿಷ. ಹಾಗಾದ್ರೆ ಆ ಮನೆ ಖಾಲಿ ಮಾಡಿಸೋ ಸಿನಿಮಾ? ಅವರಿಬ್ಬರು ಓನರು, ಬಾಡಿಗೆಯವನು ತಾನೆ?"

"ಅವರಿಬ್ಬರೂ ಗಂಡ ಹೆಂಡತಿ ಸಾರ್. ಡೈವೋರ್ಸ್ ಕೇಸು."

"ದೇವರೇ" ಎಂದು ಓನರು ಕುರ್ಚಿಗೆ ಕುಸಿದರು. "ನಾನು ಅದನ್ನ ನಂಬಿ ನಮ್ಮ ಹಿತ್ತಲು ಮನೆಯವನ ಪೆಟ್ಟಿಗೆ ಎತ್ತಿ ಹೊರಗಿಟ್ಟೆನಲ್ಲಪ್ಪ. ಬಾಗಿಲಲ್ಲಿ ನಿಂತು ಅವಳ ಥರಾನೇ ನೋಡಿದೆ ಬೇರೆ."

"ಮತ್ತೆ ಹೋದ ವಾರದ ಸಿನಿಮಾದ ಆ ಕುರುಡು ಡಾಕ್ಟರು?" ಎಂದಳು ಹೆಂಡತಿ ಬಾಗಿಲಿನಿಂದ, ಆಸೆ ಬಿಡದೆ.

"ಡಾಕ್ಟರಲ್ಲ ಅಕ್ಕ, ಬ್ಯಾಂಕ್ ಕಳ್ಳ. ಕುರುಡನೂ ಅಲ್ಲ."

ನಾದಿನಿ ಇದುವರೆಗೂ ತಡೆದಿದ್ದ ನಗು ಒಮ್ಮೆಲೇ ಹೊರಬಂತು. "ಭಾವ, ನಿಮಗೆ ಇಂಗ್ಲಿಷ್..." ಎಂದು ಆರಂಭಿಸಿ ಮುಗಿಸಲಾಗದೆ ಹೊಟ್ಟೆ ಹಿಡಿದುಕೊಂಡಳು.

"ಬರಲ್ಲ" ಎಂದ ಪರದೆಯಪ್ಪ. ಹೇಳಿ ಮುಗಿಸಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಇಷ್ಟು ವರ್ಷ ಹೇಳಲಾಗದ ಮಾತು ಇಷ್ಟು ಚಿಕ್ಕದಾಗಿತ್ತು. "ಮಾತು ಒಂದೂ ತಿಳೀತಿರಲಿಲ್ಲ ಅತ್ತೆ. ಮುಖ ನೋಡಿ ಹೇಳ್ತಿದ್ದೆ. ಆ ತಾಯಿ ನಕ್ಕಿದ್ದು ನೋಡಿದ್ರಲ್ಲ, ಅಷ್ಟು ಚೆನ್ನಾಗಿ ನಗೋರು ವಿಷ ಹಾಕ್ತಾರೆ ಅಂತ ನನಗೆ ಹೊಳೀಲಿಲ್ಲ."

ಅತ್ತೆ ಅವನ ಕಡೆ ನೋಡಲಿಲ್ಲ. ಅವರ ಕಣ್ಣು ಯುವಕನ ಮೇಲಿತ್ತು, ಮಿಟುಕಿಸದೆ.

"ಸೀಸೆಯಲ್ಲಿ ವಿಷ ಇದೆ ಅಂತ ಅಂದ್ಕೊಂಡೆಯಾ ನೀನು?"

"ಇರಬಹುದು ಅಂತ ಅನುಮಾನ ಬಂತು ಅಮ್ಮ."

"ಮತ್ತೆ ಯಾಕೆ ಕುಡಿದೆ?"

ಅವನು ತಲೆ ತಗ್ಗಿಸಿದ. "ಇಲ್ಲದೇ ಇದ್ದು ನಾನು ಕುಡೀದೇ ಹೋಗಿದ್ರೆ ನಿಮಗೆ ಅವಮಾನ ಆಗ್ತಿತ್ತು. ಇದ್ದಿದ್ರೆ... ದೊಡ್ಡಾಸ್ಪತ್ರೆ ಹತ್ತಿರಾನೇ ಇದೆ. ಇವಳು ಅಲ್ಲೇ ಕೆಲಸ ಮಾಡ್ತಾಳೆ. ಹೇಗೋ ಆಗುತ್ತೆ ಅಂದ್ಕೊಂಡೆ."

ಅತ್ತೆ ಅವನನ್ನೂ ಸೀಸೆಯನ್ನೂ ನೋಡಿದರು. ಲೆಕ್ಕ ತಪ್ಪಿದೆಯೋ ಸರಿಯಿದೆಯೋ ಎಂದು ಮೇಲಿನಿಂದ ಕೆಳಗೆ ಮತ್ತೆ ನೋಡುವಾಗಿನ ಮುಖ ಅದು. ಕೊನೆಗೆ ಸೀಸೆ ಎತ್ತಿ ತಮ್ಮ ಕಪ್ಪಿಗೂ ನಾಲ್ಕು ಹನಿ ಹಾಕಿಕೊಂಡು ಕುಡಿದರು.

"ಥೂ, ಕೆಟ್ಟದಾಗಿದೆ" ಎಂದರು. "ಇದನ್ನ ಒಂದೇ ಉಸಿರಿಗೆ ಕುಡಿದೆಯಾ? ನನಗೆ ಸಿಗೋ ಅಳಿಯಂದಿರೇ ಇಂಥವರು. ಒಬ್ಬರು ಕೊಲೆ ನೋಡಿ ನಿದ್ದೆ ಅಂತಾರೆ. ಇನ್ನೊಬ್ಬರು ವಿಷ ಅಂದ್ಕೊಂಡು ಚಹಾ ಕುಡೀತಾರೆ. ನನ್ನ ಮಕ್ಕಳಿಗೆ ಹೊರಗೆ ಬಿಟ್ಟರೆ ನಾಲ್ಕು ದಿನ ಬದುಕೋರು ಯಾರೂ ಸಿಗಲೇ ಇಲ್ಲ ಅಂತ ಕಾಣುತ್ತೆ. ಇರಲಿ, ಮನೆಯಲ್ಲೇ ಇರಲಿ. ಇವನಿಗೆ ಬೇರೆ ಚಹಾ ಮಾಡಿಕೊಡೇ."

ಮದುವೆ ನಿಶ್ಚಯವಾದದ್ದು ಹೀಗೆ. ಓನರು ಕೆಳಗಿಳಿದು ಹೋಗಿ ಹಿತ್ತಲು ಮನೆಯವನ ಪೆಟ್ಟಿಗೆಯನ್ನು ಒಳಗಿಟ್ಟು, ಕಾರಣ ಹೇಳಲಾಗದೆ ವಾಪಸು ಬಂದರು.

ತಿಂಗಳ ಕೊನೆಯ ಸಂಜೆ ಆ ಚಾನೆಲ್ಲಿನ ಕೊನೆಯ ಸಿನಿಮಾ. ಮರುದಿನ ಕೇಬಲ್‌ನವನು ಬಂದು ಧಾರಾವಾಹಿಗಳನ್ನು ಮರಳಿಸುವವನಿದ್ದ, ಆಸ್ಪತ್ರೆಯವರು ಪ್ಲಾಸ್ಟರ್ ಕತ್ತರಿಸುವವರಿದ್ದರು. ಎಲ್ಲರೂ ಸೇರಿದರು. ಅಂದು ಅರ್ಥ ಹೇಳುವ ಕೆಲಸ ನಾದಿನಿಯದು. ಪರದೆಯಪ್ಪ ಹಿಂದಿನ ಸಾಲಿನಲ್ಲಿ, ಯುವಕನ ಪಕ್ಕ, ಕೈಕಟ್ಟಿಕೊಂಡು ಕೂತ.

ನಾದಿನಿ ಸರಿಯಾಗಿಯೇ ಹೇಳುತ್ತಿದ್ದಳು. ಯುದ್ಧಕ್ಕೆ ಹೋದ ಗಂಡ, ಕಾಯುವ ಹೆಂಡತಿ. ಅವನು ಹೀಗಂದ, ಅವಳು ಹಾಗಂದಳು. ಎಲ್ಲ ತಿಳಿಯುತ್ತಿತ್ತು. ಆದರೂ ಓನರು ಆಕಳಿಸಿದರು. ಹೆಡ್ ಕಾನ್‌ಸ್ಟೆಬಲ್ ಎರಡು ಸಲ ಹಿಂದಕ್ಕೆ ತಿರುಗಿ ಪರದೆಯಪ್ಪನ ಕಡೆ ನೋಡಿದರು. ಅತ್ತೆ ಕೊನೆಗೆ, "ನೀನು ಸ್ವಲ್ಪ ಸುಮ್ಮನಿರೇ. ಅಳಿಯಂದಿರೇ, ನಿಮಗೆ ಏನು ಅನ್ನಿಸುತ್ತೆ ಹೇಳಿ" ಎಂದರು.

"ನನಗೆ ಗೊತ್ತಾಗಲ್ಲ ಅತ್ತೆ."

"ಗೊತ್ತಾಗಲ್ಲ ಅಂತ ನನಗೂ ಗೊತ್ತು. ಅನ್ನಿಸೋದನ್ನ ಹೇಳಿ."

ಅಷ್ಟರಲ್ಲಿ ಪರದೆಯ ಮೇಲೆ ರೈಲು ನಿಲ್ದಾಣ ಬಂತು. ಗಾಡಿಯಿಂದ ಜನ ಇಳಿದರು. ಸೈನಿಕರು, ಹೆಂಡತಿಯರು, ತಬ್ಬಿಕೊಳ್ಳುವವರು. ಜನ ತೆಳುವಾದರು. ಆಮೇಲೆ ಯಾರೂ ಉಳಿಯಲಿಲ್ಲ. ಅವಳೊಬ್ಬಳು ನಿಂತಿದ್ದಳು. ಕ್ಯಾಮೆರಾ ಅವಳ ಮುಖದ ಹತ್ತಿರ, ಇನ್ನೂ ಹತ್ತಿರ ಬಂತು. ಅವಳು ಅಳಲಿಲ್ಲ. ಖಾಲಿ ಗಾಡಿಯನ್ನು ನೋಡುತ್ತಾ, ಅವನಿಗೆಂದು ತಂದಿದ್ದ ಮಫ್ಲರನ್ನು ನಿಧಾನವಾಗಿ ತನ್ನ ಕುತ್ತಿಗೆಗೇ ಸುತ್ತಿಕೊಂಡಳು.

ನಾದಿನಿಯ ಕೈ ಯುವಕನ ಕೈಯನ್ನು ಹುಡುಕುತ್ತಾ ಹಿಂದಿನ ಸಾಲಿಗೆ ಚಾಚಿತು. ಅತ್ತೆ ಕನ್ನಡಕ ತೆಗೆದರು. ಪರದೆಯಪ್ಪ ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಂದು ಅವನ ಕುರ್ಚಿಯ ಕೈ ಮೇಲೆ ಕೂತಳು.

ಆಗ ಆಕಳಿಸಿ ಕಣ್ಣು ಬಿಟ್ಟ ಓನರು, "ಏನಂದಳು?" ಎಂದು ಕೇಳಿದರು.

"ಏನೂ ಅನ್ನಲಿಲ್ಲ" ಎಂದು ಇಡೀ ಹಾಲ್ ಒಟ್ಟಿಗೆ ಅವರನ್ನು ಗದರಿತು.